ನನ್ನ ಚಕ್ರಪರೀಕ್ಷಾ ಪ್ರಾವೀಣ್ಯ

ನನ್ನ ಸ್ಕೂಟರಿನ ಹಿಂದಿನ ಟೈರು ನನ್ನ ತಲೆಯಷ್ಟೇ ಬೋಳಾಗಿದೆ ಎಂದು ಚನ್ನಗಿರಿಗೆಲ್ಲ ಮೊದಲು ಸಾರಿದವಳು ನನ್ನ ಧರ್ಮಪತ್ನಿ ಕಸ್ತೂರಿ. (ತಲೆಯ ವಿಷಯ ಅಲ್ಲಿ ಬೇಕಿರಲಿಲ್ಲ.)

"ಹೊಸದು ಹಾಕಿಸ್ರೀ. ನಡುದಾರೀಲಿ ಕೈಕೊಟ್ರೆ ಏನ್ ಮಾಡ್ತೀರಿ?"

"ಸ್ಟೆಪ್ನಿ ಐತಲ್ಲೇ!"

ಸ್ಕೂಟರಿನ ಬೆನ್ನಿಗೆ ನಟ್ಟು ಬಿಗಿದ ಆ ಮೂರನೆಯ ಗಾಲಿಯೇ ನನ್ನ ಬ್ರಹ್ಮಾಸ್ತ್ರ. ಅದಕ್ಕೆ ಕಪ್ಪು ರೆಕ್ಸಿನ್ನಿನ ಕವಚ ಹೊಲಿಸಿ, ಮೇಲೆ 'ಶುಭಪ್ರಯಾಣ' ಎಂದು ಬರೆಸಿದ್ದೆ. ದಿನಾ ಬೆಳಿಗ್ಗೆ ಓಣಿಯವರ ಸಮಕ್ಷಮದಲ್ಲಿ ಮೂರೂ ಗಾಲಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಹವಾ ಸರಿಯಾಗಿದೆ" ಎಂದು ತೀರ್ಪು ಕೊಡುತ್ತಿದ್ದೆ. ಎದುರುಮನೆಯ ಮರುಳಸಿದ್ದಪ್ಪನವರು ಬಾಯ್ತೆರೆದು ನೋಡುತ್ತಿದ್ದರು. (ಅವರಿಗಿದ್ದದ್ದು ಸೈಕಲ್ಲು ಮಾತ್ರ. ಆದರೂ ಶಿಷ್ಯರು ಶಿಷ್ಯರೇ.)

ಆ ವರ್ಷದ ಆಯುಧಪೂಜೆಯಲ್ಲಿ ಕಸ್ತೂರಿ ಸ್ಕೂಟರಿನ ಎರಡು ಗಾಲಿಗಳಿಗೆ ವಿಭೂತಿ ಕುಂಕುಮ ಹಚ್ಚಿ, ತಟ್ಟೆ ಹಿಡಿದು ಸೀದಾ ಅಡುಗೆಮನೆಗೆ ನಡೆದಳು.

"ಸ್ಟೆಪ್ನಿಗೆ?" ಎಂದು ಕೂಗಿದೆ.

"ಅದಕ್ಕೂ ಹಚ್ಚೀನ್ರೀ!" ಎಂದಳು ಒಳಗಿನಿಂದ.

ಕವಚದ ಮೇಲೆ ಕುಂಕುಮವೇನೂ ಕಾಣಲಿಲ್ಲ. ರೆಕ್ಸಿನ್ ಕೊಳೆಯಾಗದಿರಲೆಂದು ಒಳಗೇ ಹಚ್ಚಿರಬೇಕು ಎಂದು ಅವಳ ಅಚ್ಚುಕಟ್ಟನ್ನು ಮೆಚ್ಚಿಕೊಂಡೆ.

ದೀಪಾವಳಿ ಕಳೆದ ಮೇಲೆ ನ್ಯಾಮತಿಯಿಂದ ಅವಳ ತಂಗಿ ನಿರ್ಮಲಮ್ಮನ ಕರೆ ಬಂತು. ಮಗಳನ್ನು ನೋಡಲು ಜಗಳೂರಿನಿಂದ ವರನ ಕಡೆಯವರು ಬರುತ್ತಾರಂತೆ. 'ಭಾವನವರೇ ಬಂದು ಹುಡುಗನನ್ನು ಪರೀಕ್ಷೆ ಮಾಡಬೇಕು. ಅವರ ಕಣ್ಣಿಗೆ ಮಣ್ಣೆರಚಾಕೆ ಯಾರಿಂದಲೂ ಆಗದು' ಎಂದು ಹೇಳಿ ಕಳಿಸಿದ್ದಳು. ಲೋಕಕ್ಕೆ ನನ್ನ ಯೋಗ್ಯತೆ ತಡವಾಗಿಯಾದರೂ ತಿಳಿಯಿತಲ್ಲ! ಹುಡುಗನ ಬೆವರಿಳಿಸುವಂಥ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡೆ. ರಾಹುಕಾಲಕ್ಕೆ ಮುಂಚೆ ನಾನು ಅಲ್ಲಿ ಕುಳಿತಿರಬೇಕು. ಇಲ್ಲದಿದ್ದರೆ ನಮ್ಮ ಮನೆತನದ ಮಾನ ಏನಾದೀತು?

ಹೊರಡುವ ಹೊತ್ತಿಗೆ ಕಸ್ತೂರಿ ಬಾಗಿಲಲ್ಲಿ ನಿಂತು, "ಹಂಡೆ ಖಾಲಿ ಮಾಡ್ಲೇನ್ರೀ?" ಎಂದಳು.

ಇಂಥ ಮಹಾಪ್ರಸ್ಥಾನದ ಗಳಿಗೆಯಲ್ಲಿ ನೀರಿನ ಹಂಡೆಯ ಚಿಂತೆ! "ಅದರ ಸುದ್ದಿ ಯಾಕೀಗ? ಹತ್ತು ಮೊದ್ಲು" ಎಂದೆ.

"ಆಮೇಲೆ ನನ್ನ ಮೇಲೆ ರೇಗಬಾರದು ಮತ್ತೆ" ಎಂದು ಹಿಂದೆ ಕುಳಿತಳು.

ಹೊನ್ನಾಳಿಯ ಸೇತುವೆ ದಾಟಿ ಊರು ಹಿಂದೆ ಬೀಳುತ್ತಿದ್ದಂತೆ 'ಫಟ್!' ಬೋಳು ಟೈರು ವೀರಸ್ವರ್ಗ ಸೇರಿತ್ತು. ಕಸ್ತೂರಿ ಬೇವಿನ ಮರದ ನೆರಳಿಗೆ ಸರಿದು ಬಾಯಿಗೆ ಸೆರಗಿಟ್ಟುಕೊಂಡಳು. ಪಾಪ, ದುಃಖ ಎಂದುಕೊಂಡೆ.

"ಹೆದರಬೇಡ. ಯಾರಿದಾನೆ ಇಲ್ಲಿ?" ಎಂದು ತೋಳೇರಿಸಿ, ಸ್ಟೆಪ್ನಿಯನ್ನೊಮ್ಮೆ ತಟ್ಟಿ, ಕವಚದ ದಾರ ಬಿಚ್ಚಿದೆ.

ಒಳಗಿದ್ದದ್ದು ಒಣಹುಲ್ಲಿನ ಸಿಂಬೆ! ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೇ, ಆದರೆ ಗಾಲಿಯ ಗಾತ್ರದ್ದು.

"ಕಸ್ತೂರೀ! ಸ್ಟೆಪ್ನಿ ಎಲ್ಲೇ?"

"ಅಡುಗೆಮನೆ ಹಂಡೆ ಕೆಳಗೆ. ದುಂಡುತಳದ ಹಂಡೆ ಉಳ್ಳಾಡ್ತೈತೆ, ಒಂದು ಸ್ಟ್ಯಾಂಡ್ ತಂದುಕೊಡ್ರೀ ಅಂತ ಯುಗಾದಿಯಿಂದ ಬಡಕೊಂಡೆ. ತಂದ್ರಾ?"

"ನನಗೊಂದು ಮಾತು ಹೇಳಬಾರದಾ?"

"ಹೇಳಿದ್ನಲ್ಲ! ನೀವು ಮರುಳಸಿದ್ದಪ್ಪಾರಿಗೆ ಟೈರಿನ ಪಾಠ ಮಾಡ್ತಾ 'ಹ್ಞೂಂ, ಹ್ಞೂಂ' ಅಂದ್ರಿ. ಕವಚ ಜೋಲಾಡಬಾರದು ಅಂತ ಸಿಂಬೆ ಕಟ್ಟಿದೆ. ದಿನಾ ಅದನ್ನೇ ತಟ್ಟಿ 'ಹವಾ ಸರಿಯಾಗಿದೆ' ಅಂತಿದ್ರಲ್ಲ, ನಾನ್ಯಾಕೆ ಎದುರಾಡಲಿ?"

ಅಷ್ಟರಲ್ಲಿ ಒಂದು ವ್ಯಾನು ಬಂದು ನಿಂತಿತು. ತುಂಬ ಜನ, ರುಮಾಲು, ರೇಷ್ಮೆ ಸೀರೆ, ಹಣ್ಣಿನ ಬುಟ್ಟಿ. ಮುಂದೆ ಕುಳಿತಿದ್ದ ಹಿರಿಯರು ತಲೆ ಹೊರಹಾಕಿ, "ಏನಾತ್ರೀ ಯಜಮಾನ್ರೇ? ನಾವು ಜಗಳೂರಿನೋರು, ನ್ಯಾಮತಿಗೆ ಹೆಣ್ಣು ನೋಡಾಕೆ ಹೊಂಟೀವಿ. ಬರೋದಾದ್ರೆ ಹತ್ರಿ" ಎಂದರು.

ನಾನು ಬಾಯಿ ತೆರೆಯುವ ಮುನ್ನವೇ ಕಸ್ತೂರಿ, "ಅಯ್ಯೋ, ನಿರ್ಮಲಮ್ಮನ ಮನೆಗೇನ್ರೀ? ನಾನು ಅವಳ ಅಕ್ಕ. ಇವರು ನಿಮ್ಮ ಹುಡುಗನ್ನ ಪರೀಕ್ಷೆ ಮಾಡಾಕೆ ಬಂದೋರು!" ಎಂದಳು.

ಹಿಂದಿನ ಸೀಟಿನಿಂದ ವರ ವಿರೂಪಾಕ್ಷ ನನ್ನನ್ನೂ ನನ್ನ ಕೈಯಲ್ಲಿದ್ದ ಸಿಂಬೆಯನ್ನೂ ಮಿಕಮಿಕ ನೋಡಿದ. "ಅದೇನ್ರೀ ಅದು?"

ಸ್ಕೂಟರನ್ನು ರಸ್ತೆಬದಿಯ ಹಿಟ್ಟಿನ ಗಿರಣಿಯಲ್ಲಿ ಬಿಟ್ಟು ವ್ಯಾನು ಹತ್ತಿದೆವು. ಹೆಂಗಸರು ಸರಿದು ಕಸ್ತೂರಿಗೆ ಜಾಗ ಕೊಟ್ಟರು. ನನಗೆ ಉಳಿದ ಸಿಂಹಾಸನವೆಂದರೆ ಕಾಲ ಬಳಿ ಮಲಗಿಸಿದ್ದ ಅವರ ಸ್ಟೆಪ್ನಿ. (ಅದು ನಿಜವಾದ ಸ್ಟೆಪ್ನಿ. ಕುಳಿತು ಪರೀಕ್ಷಿಸಿದೆ.) ನ್ಯಾಮತಿ ಬರುವವರೆಗೂ ಕಸ್ತೂರಿ ಆಯುಧಪೂಜೆಯಿಂದ ಹಿಡಿದು ಹಂಡೆಯವರೆಗೆ ಪುರಾಣ ಬಿಚ್ಚಿದಳು. ರುಮಾಲುಗಳು ಕುಲುಕಿದವು, ಹಣ್ಣಿನ ಬುಟ್ಟಿ ಉರುಳಿತು.

ರಾಹುಕಾಲಕ್ಕೆ ಮೊದಲೇ ಪಡಸಾಲೆಯಲ್ಲಿ ಸಭೆ ಸೇರಿತು. "ಭಾವ, ಅದೇನು ಕೇಳ್ತೀರೋ ಕೇಳ್ರಿ" ಎಂದಳು ನಿರ್ಮಲಮ್ಮ. ಬಾಯಿಪಾಠವೆಲ್ಲ ಆವಿಯಾಗಿತ್ತು. ಗಂಟಲು ಸರಿಮಾಡಿಕೊಂಡು, "ಪ್ರಯಾಣ ಸುಖವಾಗಿತ್ತೇನಪ್ಪಾ?" ಎಂದೆ.

"ನಮಗೆ ಸುಖ ಆತ್ರೀ," ಎಂದ ಹುಡುಗ, ಅತ್ಯಂತ ವಿನಯದಿಂದ. "ನೀವು ಕುಂತಿದ್ರಲ್ಲ, ಅದರ ಹವಾ ಸರಿಯಾಗಿತ್ತೇನ್ರೀ?"

ಬಾಗಿಲ ಮರೆಯಿಂದ ಹುಡುಗಿ ಕಿಸಕ್ಕನೆ ನಕ್ಕಳು. ಸಂಬಂಧ ಅಲ್ಲೇ ಕುದುರಿತು.

ಮರಳುವಾಗ ಗಿರಣಿಯಿಂದ ಸ್ಕೂಟರು ಬಿಡಿಸಿಕೊಂಡು ಹಿಂದಕ್ಕೊಂದು ಹೊಸ ಟೈರು ಹಾಕಿಸಿದೆ. ಊರು ಸೇರಿದ ಮೇಲೆ ಹಂಡೆಯ ತಂಟೆಗೇ ಹೋಗದೆ ಇನ್ನೊಂದು ಸ್ಟೆಪ್ನಿಯನ್ನೂ ತಂದು, ಬಿಗಿಯುವ ಮುನ್ನ ಕಟ್ಟೆಯ ಮೇಲೆ ಇಟ್ಟೆ. ಮರುಳಸಿದ್ದಪ್ಪನವರು ಆಗಲೇ ಎದುರು ಬಂದು ನಿಂತಿದ್ದರು. ಕಸ್ತೂರಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಬೆರಳ ಗೆಣ್ಣಿನಿಂದ ಗಾಲಿಯನ್ನು ತಟ್ಟಿದಳು. ಥೇಟ್ ನನ್ನಂತೆಯೇ ಕಿವಿಗೊಟ್ಟು ಕೇಳಿದಳು.

"ಹವಾ ಸರಿಯಾಗೈತೆ. ಬಚ್ಚಲುಮನೆ ಹಂಡೆನೂ ಉಳ್ಳಾಡ್ತೈತೆ, ಅದರ ಕೆಳಗೆ ಇಟ್ಟುಬಿಡ್ರಿ."