ಯಾರೂ ಕದಿಯದ ಎಕ್ಕಡ

ಮದುವೆ ಮನೆಯಲ್ಲಿ ನಾನು ಒಳಗೆ ಕೂತಿದ್ದರೂ ನನ್ನ ಮನಸ್ಸು ಬಾಗಿಲಾಚೆ ಚಪ್ಪಲಿ ಕಾಯುತ್ತಿರುತ್ತದೆ. ವಧೂವರರಿಗೆ ಅಕ್ಷತೆ ಹಾಕುವಾಗಲೂ ಒಂದು ಕಣ್ಣು ಹೊರಗೇ. ಇದನ್ನು ಚಟ ಎನ್ನಿ, ಕಾಯಿಲೆ ಎನ್ನಿ, ಸುಮ್ಮನೆ ಬಂದದ್ದಲ್ಲ. ಹುಣಸೂರಿನ ಸುತ್ತಮುತ್ತ ನಾನು ಹೋದ ಛತ್ರಗಳಲ್ಲೆಲ್ಲ ಒಂದೊಂದು ಜೊತೆ ಕಳೆದುಕೊಂಡಿದ್ದೇನೆ. ಭೇರ್ಯದಲ್ಲಂತೂ ಕಳ್ಳ ಒಂದು ಕಾಲಿನದನ್ನು ಮಾತ್ರ ಒಯ್ದಿದ್ದ. ಉಳಿದದ್ದನ್ನು ಏನು ಮಾಡಬೇಕೆಂದು ತೋಚದೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಹೀಗಿರುವಾಗ ನನ್ನ ಹೆಂಡತಿ ಸಾವಿತ್ರಿಯ ತಂಗಿಯ ಮಗಳ ಮದುವೆ ಕಂಪಲಾಪುರದಲ್ಲಿ ಗೊತ್ತಾಯಿತು. ಈ ಸಲವಾದರೂ ನೆಮ್ಮದಿಯಾಗಿ ಕೂತು ಉಣ್ಣಬೇಕು ಅನ್ನಿಸಿತು. ಕಳ್ಳನೂ ಬೇಡವೆನ್ನುವಂಥ ಎಕ್ಕಡವನ್ನು ನಾನೇ ಯಾಕೆ ಮಾಡಿಕೊಳ್ಳಬಾರದು? ಸ್ಕೂಟರಿನ ಹಳೆಯ ಟೈರು ಹಿತ್ತಲಲ್ಲಿ ಬಿದ್ದಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಪಾದದ ಅಳತೆ ಬರೆದು, ಗರಗಸದ ಬ್ಲೇಡಿಗೆ ಸೋಪಿನ ನೀರು ಹಚ್ಚಿ ಕೊಯ್ಯತೊಡಗಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಟ್ಯೂಬನ್ನು ಸೀಳಿ ಪಟ್ಟಿ ಮಾಡಿ, ಅಟ್ಟೆಗೆ ತೂತು ಕೊರೆದು ಬಿಗಿದೆ. ಗುಂಡಗೆ ಸುತ್ತಿಯೇ ಅಭ್ಯಾಸವಾದ ಟೈರು ಚಪ್ಪಟೆಯಾಗಲು ಒಪ್ಪಲಿಲ್ಲ. ನಿಂತರೆ ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದೆ.

"ರೀ, ಅದ ಆಕ್ಕಂಡು ನನ್ ಜೊತೆ ಬರಬ್ಯಾಡಿ. ವಸಿ ಇಂದೆ ಬನ್ನಿ," ಎಂದಳು ಸಾವಿತ್ರಿ.

ಮದುವೆಯ ದಿನ ಅವನ್ನು ಛತ್ರದ ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆ. ನೆಮ್ಮದಿಯೇ ಇಲ್ಲ! ಅಂಗಡಿಯದಾದರೆ ಇನ್ನೊಂದು ಜೊತೆ ಸಿಕ್ಕೀತು, ಇದು ಹೋದರೆ ಎಲ್ಲಿಂದ ತರಲಿ? ಮತ್ತೆ ಮತ್ತೆ ಎದ್ದು ಬಂದು ನೋಡಿದೆ. ಇದ್ದವು. ಅವುಗಳತ್ತ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಒಬ್ಬ ಕಳ್ಳನಾದರೂ ಮೆಚ್ಚಬಾರದೇ ಎಂದು ನಿಜಕ್ಕೂ ಬೇಸರವಾಯಿತು. ಪಾಯಸ ಬಡಿಸುವ ಹೊತ್ತಿಗೆ ತಡೆಯಲಾರದೆ ಎಂಜಲು ಕೈಯಲ್ಲೇ ಎದ್ದು ಬಂದರೆ, ಎಕ್ಕಡ ಇಲ್ಲ!

ಅಯ್ಯೋ ಅನ್ನಿಸಿತು. ಸುಳ್ಳೇಕೆ, ಹೆಮ್ಮೆಯೂ ಆಯಿತು. "ಕದ್ಬುಟ್ರು ಕಣೇ!" ಎಂದು ಕೂಗಿ ಸಾವಿತ್ರಿಯನ್ನೂ ಬೀಗರನ್ನೂ ಸೇರಿಸಿದೆ. ಸ್ವಂತ ಕೈಯಲ್ಲಿ ಮಾಡಿದ್ದು ಎಂದು ಕೇಳದವರಿಗೂ ಹೇಳಿದೆ. ಹುಡುಕುತ್ತ ಎಲ್ಲರೂ ಛತ್ರದ ಹಿಂದಕ್ಕೆ ಹೋದೆವು. ಅಲ್ಲಿ ಇಳಿಜಾರಿನಲ್ಲಿ ಅಡುಗೆ ಪಾತ್ರೆಯ ಟೆಂಪೊ ನಿಂತಿತ್ತು. ಅದರ ಚಕ್ರಗಳಿಗೆ ಅಡ್ಡವಾಗಿ ನನ್ನ ಎಡಗಾಲಿನದೊಂದು, ಬಲಗಾಲಿನದೊಂದು.

"ಕಲ್ ಸಿಗ್ನಿಲ್ಲ ಸಾ, ಬಾಗ್ಲತ್ರ ಟೈರ್ ತುಂಡು ಬಿದ್ದಿದ್ವು, ತಂದು ಅಡ್ಡ ಕೊಟ್ಟೆ," ಎಂದ ಡ್ರೈವರು.

"ಅದ್ರಲ್ಲಿ ಪಟ್ಟಿ ಅದೆಯಲ್ಲಯ್ಯ?" ಎಂದರು ಬೀಗರು.

"ಇಡ್ಕಂಡು ಎಳಿಯಾಕೆ ಯಾರೋ ಕಟ್ಟವ್ರೆ ಅನ್ಕಂಡೆ. ನಿಮ್ದಾ ಸಾ?"

ಎಲ್ಲರೂ ನನ್ನ ಮುಖ ನೋಡಿದರು. "ಛೆ, ಇವಲ್ಲ ಕಣಪ್ಪ. ನಮ್ವು ಇನ್ನೂ ಚೆನ್ನಾಗಿದ್ವು," ಎಂದುಬಿಟ್ಟೆ.

ಉರಿಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬರಿಗಾಲಲ್ಲಿ ಕುಣಿಯುತ್ತ ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಹೊರಡುವಾಗ ಆ ಪುಣ್ಯಾತ್ಮ ಅವನ್ನು ನೆನಪಿಟ್ಟು ಟೆಂಪೊಗೆ ಹಾಕಿಕೊಂಡನೋ, ಅಲ್ಲೇ ಬಿಟ್ಟನೋ? ಬಿಟ್ಟಿದ್ದರೆ ಯಾರಾದರೂ ಕದ್ದುಬಿಡುತ್ತಾರೆ.