ಗ್ರೈಂಡರಿನ ಮೂಲಭೂತ ಹಕ್ಕು

ಗಣರಾಜ್ಯೋತ್ಸವದ ಬೆಳಿಗ್ಗೆ ಬಾವುಟ ಇನ್ನೂ ನೆಟ್ಟಗೆ ಬಿಚ್ಚಿಕೊಂಡಿರಲಿಲ್ಲ, ಅಷ್ಟರಲ್ಲೇ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸೆಂದಿಲ್ ಕುಮಾರ್ ಘೋಷಿಸಿಬಿಟ್ಟ.

"ಇನ್ಮೇಲೆ ಗ್ರೈಂಡರ್ ಹತ್ತರಿಂದ ನಾಲ್ಕರ ತನಕ ಮಾತ್ರ. ರೂಲ್ ತಿದ್ದಿ ಆಯ್ತುಂಗೊ."

ರಾಘವೇಂದ್ರನ ಬಾಯಲ್ಲಿದ್ದ ಲಾಡು ಅಲ್ಲೇ ನಿಂತಿತು. ಅವನ ಹೆಂಡತಿ ಭಾಮಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅವನು ಪಂಪ್ ಕಂಪನಿಯ ಆಫೀಸಿನಲ್ಲಿ. ಹತ್ತರಿಂದ ನಾಲ್ಕರ ತನಕ ಮನೆಯಲ್ಲಿ ಹಲ್ಲಿ ಬಿಟ್ಟರೆ ಯಾರೂ ಇರುವುದಿಲ್ಲ. ಬೆಳಗಿನ ಐದಕ್ಕೆ ಗ್ರೈಂಡರ್ ತಿರುಗಿದರೆ ಮಾತ್ರ ರಾತ್ರಿಗೆ ದೋಸೆ. ಇಲ್ಲದಿದ್ದರೆ ಅಂಗಡಿಯ ಪ್ಯಾಕೆಟ್ ಹಿಟ್ಟೇ ಗತಿ! ಊರಿಗೆಲ್ಲ ಗ್ರೈಂಡರ್ ಮಾಡಿಕೊಡುವ ಕೋಯಮತ್ತೂರಿನಲ್ಲಿ ಹುಟ್ಟಿ, ಪ್ಯಾಕೆಟ್ ಹಿಟ್ಟು ತಿಂದು ಸಾಯುವುದೇ?

"ಯಾರನ್ನ ಕೇಳಿ ತಿದ್ದಿದಿರಿ?" ಎಂದು ಗುಡುಗಿದ.

"ವಾಟ್ಸಾಪ್‌ನಲ್ಲಿ ಕೇಳಿದೆ ಸಾರ್. ಐದು ಜನ ಹೆಬ್ಬೆಟ್ಟು ತೋರ್ಸಿದ್ರು. ಮಿಕ್ಕವರು ಸುಮ್ನಿದ್ರು. ನಾನು ತಿರುಪ್ಪೂರಲ್ಲಿ ಬನಿಯನ್ ಲೋಡ್ ಏರಿಸಿ ಬರೋವಾಗ ನಡುರಾತ್ರಿ ಆಗುತ್ತೆ. ಐದಕ್ಕೆ ನಿಮ್ಮ ಗ್ರೈಂಡರ್ ಗರಗರ ಅಂದ್ರೆ ಮನುಷ್ಯ ಮಲಗೋದು ಬೇಡ್ವಾ?"

ರಾಘವೇಂದ್ರನಿಗೆ ಮೈಯೆಲ್ಲ ಉರಿಯಿತು. ಹಿಂದೊಮ್ಮೆ ಸರ್ಕಾರಿ ಪರೀಕ್ಷೆಗೆಂದು ಅವನು ಸಂವಿಧಾನವನ್ನು ಉರು ಹೊಡೆದಿದ್ದ. ಪರೀಕ್ಷೆ ಕೈಕೊಟ್ಟಿತು, ಸಂವಿಧಾನ ಮಾತ್ರ ತಲೆಯಲ್ಲೇ ಕೂತುಬಿಟ್ಟಿತು.

"ಹೆಬ್ಬೆಟ್ಟಿನ ತಿದ್ದುಪಡಿ! ಪಾರ್ಲಿಮೆಂಟಲ್ಲೇ ಮುನ್ನೂರ ಅರವತ್ತೆಂಟನೇ ವಿಧಿ ಪ್ರಕಾರ ಮೂರನೇ ಎರಡು ಭಾಗ ಓಟು ಬೇಕು ಕಣ್ರೀ! ಅಷ್ಟಿದ್ರೂ ಸಂವಿಧಾನದ ಮೂಲ ಸ್ವರೂಪ ಮುಟ್ಟೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಗ್ರೈಂಡರ್ ನಮ್ಮ ಮನೇ ಮೂಲ ಸ್ವರೂಪ! ಮೇಲೆ ಬಾವುಟ, ಕೆಳಗೆ ಈ ದಬ್ಬಾಳಿಕೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!"

"ಶರಿ ಸಾರ್," ಎಂದ ಸೆಂದಿಲ್, "ಸಂಜೆ ಮೀಟಿಂಗ್ ಇದೆ. ಹನ್ನೆರಡು ಮನೆ, ಮನೆಗೊಂದು ಓಟು. ಎಂಟು ಓಟು ತನ್ನಿ, ಮತ್ತೆ ತಿದ್ದೋಣ."

ರಾಘವೇಂದ್ರ ಪಂಚೆ ಎತ್ತಿ ಕಟ್ಟಿ ಹೊರಟ.

ಮೊದಲು ಸಿಕ್ಕವರು ಕಾಂಗೇಯಂ ಕಡೆಯ ಸುಬ್ಬಾತಾಳ್ ಅಜ್ಜಿ. "ಓಟು ತಾನೇ ಸಾಮಿ? ಹಾಕ್ತೀನಿ," ಎಂದರು. "ಆದ್ರೆ ಟೆರೇಸ್‌ನಲ್ಲಿ ಕೊಬ್ಬರಿ ಒಣಗ್ಸಬಾರ್ದು ಅಂತ ಒಂದು ರೂಲ್ ಮಡಗವ್ನೆ ಆ ಸೆಂದಿಲು. ಅದ್ನೂ ತಿದ್ಬೇಕು. ಈಗ ಈ ಮೂಟೆ ಮೇಲೆ ತಕ್ಕೊಂಡೋಗಿ ಹಾಕು, ನನ್ನ ಕಣ್ಣು."

ಮೂಟೆಯನ್ನು ಲಿಫ್ಟಿನಲ್ಲಿ ಒಯ್ಯಬಾರದೆಂದು ಇನ್ನೊಂದು ನಿಯಮವಿತ್ತು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ರಾಘವೇಂದ್ರನ ಬೆನ್ನು ಬಿಲ್ಲಾಯಿತು. ಹೋರಾಟವೆಂದರೆ ಸುಮ್ಮನೆಯೇ ಎಂದು ಹಲ್ಲುಕಚ್ಚಿದ.

ಎರಡನೇ ಮಹಡಿಯ ತಂಗಮಣಿ ನಿವೃತ್ತ ವಕೀಲರು. ಅವರದು ಬೇರೆಯೇ ವರಸೆ. "ಗ್ರೈಂಡರ್ ನಿಮ್ಮ ಆಸ್ತಿ ಅಂತೀರಾ? ನಲವತ್ತನಾಲ್ಕನೇ ತಿದ್ದುಪಡಿ ಆದ್ಮೇಲೆ ಆಸ್ತಿ ಹಕ್ಕು ಮೂಲಭೂತ ಹಕ್ಕೇ ಅಲ್ಲ, ಗೊತ್ತಾ?"

"ಆಸ್ತಿ ಅಲ್ಲ ಸಾರ್, ಅದು ನನ್ನ ಜೀವ! ಜೀವಿಸೋ ಹಕ್ಕು, ಇಪ್ಪತ್ತೊಂದನೇ ವಿಧಿ!"

ವಕೀಲರು ಮೆಚ್ಚಿ ತಲೆದೂಗಿದರು. "ಹಾಗಾದ್ರೆ ನಮ್ಮ ರಾಜಾನೂ ಲಿಫ್ಟಲ್ಲಿ ಹೋಗಲಿ. ಅವನಿಗೂ ಜೀವ ಇದೆ. ಒಪ್ಪಿದ್ರೆ ಈಗ್ಲೇ ಜೊತೇಲಿ ಕೆಳಗೆ ಕರ್ಕೊಂಡು ಹೋಗಿ."

ರಾಜಾ ಎಂದರೆ ಲಿಫ್ಟ್ ನಿಷೇಧವಿದ್ದ, ಕರುವಿನಷ್ಟು ದೊಡ್ಡ ನಾಯಿ. ರಾಘವೇಂದ್ರನಿಗೋ ನಾಯಿಮರಿ ಕಂಡರೂ ಜ್ವರ. ದೇವರ ಮೇಲೆ ಭಾರ ಹಾಕಿ ಲಿಫ್ಟ್ ಹತ್ತಿದ. ಒಂದು ಮಹಡಿ ಇಳಿಯಿತೋ ಇಲ್ಲವೋ ಕರೆಂಟು ಹೋಯಿತು. ಕತ್ತಲಲ್ಲಿ ರಾಜಾ ಎರಡೂ ಮುಂಗಾಲುಗಳನ್ನು ಅವನ ಹೆಗಲ ಮೇಲಿಟ್ಟು ಮುಖ ನೆಕ್ಕತೊಡಗಿತು. ಅವನು ಸಂವಿಧಾನದ ಪೀಠಿಕೆಯನ್ನು ಮಂತ್ರದಂತೆ ಜಪಿಸುತ್ತ ಕಣ್ಣುಮುಚ್ಚಿ ನಿಂತ. ಕರೆಂಟು ಬಂದು ಬಾಗಿಲು ತೆರೆದಾಗ ಅವನ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು.

ಹೀಗೇ ಮನೆ ಮನೆ ಬೇಡಿ, ಸಿಕ್ಕಸಿಕ್ಕವರ ತಿದ್ದುಪಡಿಗೆಲ್ಲ ಹೂಂ ಅಂದು, ಸಂಜೆಯೊಳಗೆ ಏಳು ಓಟು ಗಿಟ್ಟಿಸಿದ. ತನ್ನದೂ ಸೇರಿದರೆ ಎಂಟು.

ಸಂಜೆ ಮೀಟಿಂಗಿನಲ್ಲಿ ರಾಘವೇಂದ್ರ ಕೈ ಎತ್ತುವ ಮೊದಲೇ ಕೊಬ್ಬರಿ ಗೆದ್ದಿತು, ನಾಯಿ ಗೆದ್ದಿತು. ಕೊನೆಗೆ ಗ್ರೈಂಡರಿನ ಸರದಿ. ಏಳು ಕೈಗಳು ಮೇಲೆದ್ದವು. ರಾಘವೇಂದ್ರ ಗತ್ತಿನಿಂದ ತನ್ನ ಕೈ ಎತ್ತಿದ.

"ಕೈ ಇಳಿಸಿ ಸಾರ್," ಎಂದ ಸೆಂದಿಲ್.

"ಯಾಕೆ?"

"ನಿಮಗೆ ಓಟಿಲ್ಲ. ಬ್ಯಾಂಕಲ್ಲಿ ಕಡಿಮೆ ಬಡ್ಡಿ ಅಂತ ಫ್ಲಾಟ್ ಮೇಡಂ ಹೆಸರಲ್ಲಿ ತಾನೇ ತಗೊಂಡಿದ್ದು? ಓಟು ಅವರದು."

ರಾಘವೇಂದ್ರ ನಕ್ಕುಬಿಟ್ಟ. "ಅಷ್ಟೇನಾ! ಭಾಮಾ, ಎತ್ತೇ ಕೈ."

ಹಿಂದಿನ ಸಾಲಿನಲ್ಲಿದ್ದ ಭಾಮಾ ಎದ್ದು ನಿಂತಳು. ಕೈ ಎತ್ತಲಿಲ್ಲ.

"ಏನ್ರೀ, ಬೆಳಿಗ್ಗೆಯಿಂದ ಅಜ್ಜಿನ ಕೇಳಿದ್ರಿ, ವಕೀಲರನ್ನ ಕೇಳಿದ್ರಿ, ನಾಯಿ ಹತ್ರ ಮುಖ ನೆಕ್ಕಿಸ್ಕೊಂಡ್ರಿ. ಐದಕ್ಕೆದ್ದು ರುಬ್ಬೋಳು ನಾನು. ನನ್ನ ಕೇಳಿದ್ರಾ?"

ರಾಘವೇಂದ್ರ ಮೆಲ್ಲಗೆ, "ಭಾಮಾ, ಮನೇಲಿ ಮಾತಾಡೋಣ. ಇದು ಹಕ್ಕಿನ ಪ್ರಶ್ನೆ ಕಣೇ," ಎಂದ.

"ಹಕ್ಕಂತೆ ಹಕ್ಕು! ನಿಮ್ಮ ಸಂವಿಧಾನದಲ್ಲಿ ಮೂಲಭೂತ ಕರ್ತವ್ಯ ಅಂತಾನೂ ಇದ್ಯಲ್ಲ? ಅದನ್ನ ಸೇರ್ಸಿದ್ದೂ ತಿದ್ದುಪಡಿ ಮಾಡಿಯೇ ಅಂತ ನೀವೇ ಪಾರಾಯಣ ಮಾಡ್ತಿದ್ರಿ. ನಾನೂ ಒಂದು ಸಾಲು ಸೇರಿಸ್ತೀನಿ. ಗ್ರೈಂಡರ್ ಐದಕ್ಕೇ ಹಾಕ್ಲಿ. ಆದ್ರೆ ರುಬ್ಬೋದು, ಕಲ್ಲು ತೊಳೆಯೋದು ಎಲ್ಲಾ ಆಯಾ ಮನೇ ಗಂಡಸರೇ. ಇದಕ್ಕೊಪ್ಪಿದ್ರೆ ನನ್ನ ಓಟು ಉಂಟು."

"ಸಭಾಷ್ ಕಣ್ಣು!" ಎಂದು ಸುಬ್ಬಾತಾಳ್ ಅಜ್ಜಿ ಎರಡೂ ಕೈ ಎತ್ತಿದರು. ಸೆಂದಿಲ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವನ ಹೆಂಡತಿ ಚಂದ್ರಾ ಅವನ ಮೊಣಕೈ ಹಿಡಿದು ಮೇಲೆತ್ತಿದಳು. ಅದನ್ನು ನೋಡಿದ ಮಿಕ್ಕ ಹೆಂಗಸರೂ ತಮ್ಮ ತಮ್ಮ ಗಂಡಂದಿರ ಕೈ ಎತ್ತಿಸಿದರು. ಹನ್ನೆರಡಕ್ಕೆ ಹನ್ನೆರಡು! ಅಪಾರ್ಟ್‌ಮೆಂಟ್ ಕಟ್ಟಿದಾಗಿನಿಂದ ಒಮ್ಮತದಿಂದ ಪಾಸಾದ ತಿದ್ದುಪಡಿ ಇದೊಂದೇ.

ಮರುದಿನ ಬೆಳಗಿನ ಐದಕ್ಕೆ ಕಟ್ಟಡವಿಡೀ ಗರಗರ ಎಂದು ನಡುಗುತ್ತಿತ್ತು. ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಇದೂ ಒಂದು ಪ್ರಜಾಪ್ರಭುತ್ವವೇ ಎಂದು ರಾಘವೇಂದ್ರ ಒಬ್ಬನೇ ಕುದಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ಸೆಂದಿಲ್ ಕುಮಾರ್.

"ಹಾಳಾಗಿ ಹೋಗ್ಲಿ ನಿಮ್ಮ ಸಂವಿಧಾನ! ನಿದ್ದೆಯಂತೂ ಹೋಯ್ತು. ಉದ್ದಿಗೆ ನೀರು ಎಷ್ಟು ಹಾಕ್ಬೇಕು, ಅದನ್ನಾದ್ರೂ ಹೇಳಿ ಸಾರ್!"

"ನನಗೂ ಅದೇ ಗೊತ್ತಾಗ್ತಿಲ್ಲ ಸಾರ್," ಎಂದ ರಾಘವೇಂದ್ರ.

ಒಳಗೆ ಭಾಮಾ ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸಿದಳು.