ಎರಡು ಕಡಲು ಕಂಡ ಹೋಲ್ಡಾಲು

ಗಂಡನ ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ತಮ್ಮ ತಮ್ಮ ಊರಿನ ಬಸ್ಸು ಹಿಡಿದ ಮಾರನೆಯ ಬೆಳಿಗ್ಗೆ ಉಮಾಮಹೇಶ್ವರಿಯ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ಹಾಲು ಬಂತು. ನಲ್ಲಿಯಲ್ಲಿ ನೀರು ಬಂತು. ಜೊತೆಗೆ ಉಳಿದಿದ್ದ ತಾಯಿ ಉಪ್ಪಿಟ್ಟು ಮಾಡಿದರು. ಪೇಪರು ಬಂತು; ಅದರಲ್ಲೂ ವಿಶೇಷವೇನೂ ಇರಲಿಲ್ಲ.

ತೊಂದರೆ ಶುರುವಾದದ್ದು ಎದುರು ಮನೆಯ ಗುರುಶಾಂತಪ್ಪನವರ ಒಂದು ನೋಟದಿಂದ. ಅವರು ನಿವೃತ್ತ ಸ್ಕೂಲ್ ಇನ್ಸ್‌ಪೆಕ್ಟರು. ಬಂದು ಕುರ್ಚಿಯ ತುದಿಯಲ್ಲಿ ಕೂತು, ಎರಡು ಸಲ ಕೆಮ್ಮಿ, "ಏನಾದ್ರೂ ಬೇಕಿದ್ರೆ ಸಂಕೋಚ ಪಡ್ಬೇಡಮ್ಮ" ಎಂದರು. ಸಂಕೋಚ ಪಡುತ್ತಿದ್ದವರು ಅವರೇ. ಅವರ ಕಣ್ಣು ಬಾಗಿಲ ಪಕ್ಕದಲ್ಲಿದ್ದ, ಪ್ರಯಾಣಕ್ಕೆ ಹಾಸಿಗೆ ಬಟ್ಟೆ ಸುತ್ತಿ ಕಟ್ಟುವ ಹೋಲ್ಡಾಲಿನ ಮೇಲೆ ಹೋಗಿ ಕೂತಿತು. ಎಬ್ಬಿಸಿದರೆ ಹಿಂದೆ ಬಂತು. ಮತ್ತೆ ಹೋಗಿ ಅಲ್ಲೇ ಕೂತಿತು. ಕೊನೆಗೆ ಎದ್ದು ಹೋದರು.

ಹೋಲ್ಡಾಲು ಅವರದು. ಅದನ್ನು ಅವರ ಮನೆಯಿಂದ ಕೇಳಿ ತಂದವನು ಉಮಾಳ ಗಂಡ ಚನ್ನಬಸವಯ್ಯ. ಅವನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. ಒಂದು ಕಡಲನ್ನೂ ಕಾಣದೆ ಏಳು ವರ್ಷ ಎರಡು ಕಡಲಿನ ಬಗ್ಗೆ ಪಾಠ ಮಾಡಿದ್ದ. ಮದ್ರಾಸಿನಿಂದ ಮಂಗಳೂರಿಗೆ ಹೋಗುವ ಮೈಲು ಗಾಡಿಯ ಮಾತೆತ್ತಿದರೆ ಅವನಿಗೆ ಊಟ ಆರುವುದು ಗೊತ್ತಾಗುತ್ತಿರಲಿಲ್ಲ. "ಬೆಳಿಗ್ಗೆ ಮದ್ರಾಸಲ್ಲಿ ಸೂರ್ಯ ಹುಟ್ಟೋದು ನೋಡೋಣ ಉಮಾ. ಸಾಯಂಕಾಲ ಗಾಡಿ ಹತ್ತೋಣ. ಮಾರನೇ ದಿನ ಅದೇ ಸೂರ್ಯನ್ನ ಮಂಗಳೂರಿನ ಕಡಲಲ್ಲಿ ಮುಳುಗಿಸಿ ಬಂದುಬಿಡೋಣ." ನಾಲ್ಕು ವರ್ಷ ಹೀಗೆ ಹೇಳಿ, ಈ ದಸರಾ ರಜೆಗೆ ಹೊರಡುವುದೇ ಸೈ ಎಂದು ಒಂದು ವಾರ ಮುಂಚೆಯೇ ಹೋಲ್ಡಾಲು ಕಟ್ಟಿ ಬಾಗಿಲಲ್ಲಿ ನಿಲ್ಲಿಸಿದ. ಆ ರಾತ್ರಿಯೇ ಜ್ವರ ಬಂತು. ಟೈಫಾಯ್ಡ್ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಅವನು ಅವಳಿಗೆ ಹೇಳಿದ ಕೊನೆಯ ಮಾತು: "ಆ ಹೋಲ್ಡಾಲು... ಯಾರದೋ ಅವರಿಗೆ ಸೇರಿಸಿಬಿಡು." ಕೊನೆಯ ಮಾತು ಎಂದರೆ ಇನ್ನೇನೋ ಇರುತ್ತದೆ ಎಂದು ಉಮಾ ಬಿ.ಎ. ಓದುವಾಗ ತಿಳಿದಿದ್ದಳು. ಅವಳ ಪಾಲಿಗೆ ಬಂದದ್ದು ಇದು. ಹಾಗಾಗಿ ಇದನ್ನಾದರೂ ನಡೆಸಬೇಕು.

ವಾಪಸು ಕೊಡುವ ಮೊದಲು ಬಿಚ್ಚಿ, ಒಳಗಿನ ಬಟ್ಟೆ ತೆಗೆಯುವುದು ಕ್ರಮ. ಅವಳು ಹತ್ತಿರ ಹೋಗಿ ಕೂತಳು. ಮೊಣಕಾಲು ಊರಿ, ಹಲ್ಲು ಕಚ್ಚಿ ಅವನು ಬಿಗಿದ ಪಟ್ಟಿಗಳು ಹಾಗೇ ಇದ್ದವು. ಅವಳ ಕೈ ಬಕಲ್ಲಿನವರೆಗೆ ಹೋಗಿ ವಾಪಸು ಬಂತು. ಯಾರದೋ ಅವರೇ ಬಿಚ್ಚಲಿ ಎಂದುಕೊಂಡು, ಕಟ್ಟಿದ ಹಾಗೇ ಎಳೆದುಕೊಂಡು ರಸ್ತೆ ದಾಟಿದಳು.

ಗುರುಶಾಂತಪ್ಪನವರ ಹೆಂಡತಿ ಕಮಲಾದೇವಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. "ನಮ್ಮ ಹೋಲ್ಡಾಲಿನಂಥದ್ದು ಇಡೀ ಜಯನಗರದಲ್ಲೇ ಇಲ್ಲ" ಎಂದು ವರ್ಷಗಳಿಂದ ಹೇಳುತ್ತ ಬಂದವರು.

"ಒಳಗೇನಿದೆಯಮ್ಮ?"

"ಅವರು ಕಟ್ಟಿದ್ದೇ. ಅವರ ಬಟ್ಟೆ, ನಂದೆರಡು ಸೀರೆ."

ಕಮಲಾದೇವಿ ಮೊರದ ಸಮೇತ ಹಿಂದಕ್ಕೆ ಸರಿದರು. "ಶಿವನೇ! ಪ್ರಯಾಣಕ್ಕೆ ಅಂತ ಕಟ್ಟಿ, ಕಟ್ಟಿದವರೇ ಹೊರಟುಹೋದ್ರೆ ಅಂಥದ್ದನ್ನ ಹೊಸಲು ದಾಟಿಸ್ತಾರಾ? ರೀ, ನೀವಾದ್ರೂ ಹೇಳ್ರಿ!"

ಗುರುಶಾಂತಪ್ಪ ಕನ್ನಡಕ ತೆಗೆದು ಒರೆಸಿದರು. "ನಿಜ ಹೇಳ್ಬೇಕಂದ್ರೆ ಅದು ನಮ್ಮದೇ ಅಲ್ಲಮ್ಮ."

"ಮೇಲೆ ಜಿ.ಎಸ್. ಅಂತ ಬರೆಸಿದ್ದೀರಲ್ಲ ಸಾರ್?"

"ಅದು ಗಾಡೀಲಿ ಅದಲು ಬದಲಾಗ್ಬಾರ್ದು ಅಂತ. ಮದ್ರಾಸಿಗೆ ಹೋಗ್ಬೇಕಾದ್ರೆ ನೀಲಗಂಗಮ್ಮನವರ ಹತ್ರ ಇಸ್ಕೊಂಡಿದ್ದು. ಅಂದಹಾಗೆ ಅಮ್ಮ, ಇನ್ನೊಂದು ವಿಷಯ..." ಎಂದರು. ಹೆಂಡತಿ ನೋಡಿದರು. ಇನ್ನೊಂದು ವಿಷಯವನ್ನು ಗುಳಿಗೆಯ ಹಾಗೆ ನುಂಗಿಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಕೊಟ್ರಪ್ಪ ಸೈಕಲ್ ಸಮೇತ ಹಾಜರಾದ. ಕಷ್ಟದಲ್ಲಿರುವವರಿಗೆ ನೆರವಾಗಲು ಅವನು ಆಫೀಸಿಗೆ ರಜೆ ಹಾಕಿ ಕಾದಿರುತ್ತಿದ್ದ. "ನಾನಿದ್ದೀನಲ್ಲ ಅಕ್ಕಾವ್ರೆ!" ಎಂದು ಹೋಲ್ಡಾಲನ್ನು ಕ್ಯಾರಿಯರ್ ಮೇಲೆ ಹೇರಿದ. ಸೈಕಲ್ಲು ಮುಂದಿನ ಚಕ್ರ ಎತ್ತಿ, ಲಾಯದಿಂದ ಬಿಟ್ಟ ಕುದುರೆಯ ಹಾಗೆ ನಿಂತಿತು.

ಮೂಲೆ ಮನೆಯ ನೀಲಗಂಗಮ್ಮ ಉಮಾಳನ್ನು ಕಂಡೊಡನೆ ಓಡಿಬಂದು ತಬ್ಬಿ ಅತ್ತರು. ಅಳುವಿನ ನಡುವೆ, ಅವಳ ಹೆಗಲ ಮೇಲಿಂದ ಅವರಿಗೆ ಸೈಕಲ್ಲು ಕಾಣಿಸಿತು. ನಲ್ಲಿ ತಿರುಗಿಸಿದ ಹಾಗೆ ಕಣ್ಣೀರು ನಿಂತಿತು.

"ನಂದೆಲ್ಲಿ ಬಂತಮ್ಮ ಅದು! ಮಗಳ ಬಾಣಂತನಕ್ಕೆ ಮಂಗಳೂರಿಗೆ ಹೋಗ್ಬೇಕಾದ್ರೆ ಹಾಲಿನ ತಿಮ್ಮರಾಯಪ್ಪನ ಹತ್ರ ಕೇಳಿ ತಗೊಂಡಿದ್ದು. ಅವನಿಗೇ ಕೊಟ್ಟುಬಿಡು. ಪಾಪ, ಬಡವ, ಅವನ ವಸ್ತು ನಮಗ್ಯಾಕೆ?"

"ಮೊನ್ನೆ ತನಕ ನಂದು, ಕಮಲಾದೇವಿ ವಾಪಸ್ ಕೊಟ್ಟೇ ಇಲ್ಲ ಅಂತಿದ್ರಲ್ಲ ನೀಲಗಂಗಮ್ಮನೋರೆ?" ಎಂದ ಕೊಟ್ರಪ್ಪ.

"ನೀನು ಸುಮ್ನಿರಪ್ಪ, ಸೈಕಲ್ ಹಿಡ್ಕೊ!"

ತಿಮ್ಮರಾಯಪ್ಪನ ಮನೆ ಪುಟ್ಟೇನಹಳ್ಳಿಯಲ್ಲಿ. ಅವನಿಗೆ ಸೊಂಟ ಹಿಡಿದು, ಈಗ ಹಾಲು ತರುತ್ತಿದ್ದವಳು ಅವನ ಸೊಸೆ. ಅಲ್ಲಿಗೆ ನಡೆಯುವ ದಾರಿಯಲ್ಲಿ ಎದುರಾದವರೆಲ್ಲ ಹೋಲ್ಡಾಲು ನೋಡಿ ಕೇಳಿದರು: "ಊರಿಗಾ?" ಉಮಾಳ ಪರವಾಗಿ ಕೊಟ್ರಪ್ಪ ಎಲ್ಲರಿಗೂ ಉತ್ತರಿಸಿದ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೇಳಿದ್ದಕ್ಕೆ ತಾಳೆಯಾಗಲಿಲ್ಲ. ಬಡಾವಣೆಯ ಕೊನೆಯ ಮನೆ ದಾಟುವ ಹೊತ್ತಿಗೆ ಒಬ್ಬಾತ ಹಿಂದಿನಿಂದ ಓಡಿಬಂದು, "ಮನೆ ಖಾಲಿ ಮಾಡ್ತಿದ್ದೀರಂತೆ. ಬಾಡಿಗೆ ಎಷ್ಟು ಮೇಡಂ? ನೀರು ಎರಡು ಹೊತ್ತೂ ಬರುತ್ತಾ?" ಎಂದ.

"ಒಂದೇ ಹೊತ್ತು" ಎಂದಳು ಉಮಾ. ಅಂದು ಬೆಳಗಿನಿಂದ ಪರರ ಪ್ರಶ್ನೆಗೆ ಅವಳು ಸಲೀಸಾಗಿ ಕೊಟ್ಟ ಉತ್ತರ ಅದೊಂದೇ.

ರಾಗಿ ಹೊಲಗಳನ್ನು ದಾಟಿ, ಕೆರೆ ಏರಿಯ ಮೇಲೆ ಹಾದು ಊರು ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ತಿಮ್ಮರಾಯಪ್ಪ ಕೊಟ್ಟಿಗೆಯ ಮುಂದೆ ಗೋಣಿತಾಟಿನ ಮೇಲೆ ಕೂತಿದ್ದ. ಹೋಲ್ಡಾಲನ್ನು ನೋಡಿದ, ಅವಳನ್ನು ನೋಡಿದ.

"ಇದ್ನ ನಂಗ್ಯಾಕ್ ತಂದ್ರಿ ತಾಯಿ?"

"ನೀನೂ ನಿಂದಲ್ಲ ಅಂತೀಯಾ?"

"ನಂದಲ್ಲ ಕಣವ್ವ. ನಿಮ್ದು."

ಕೊಟ್ರಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿರ ಬಂದ.

"ನಿಮ್ ಮದ್ವೇಲಿ ಇಸ್ಕೂಲ್ ಮೇಷ್ಟ್ರುಗಳೆಲ್ಲ ಸೇರಿ ಮುಯ್ಯಿ ಕೊಟ್ಟಿದ್ದಂತೆ. ಆಗ ನೀವು ಇನ್ನ ಓದ್ಕೊಂಡು ಆಸ್ಟೆಲ್‌ನಾಗಿದ್ರಿ. ಮೇಷ್ಟ್ರೊಬ್ರೇ ಇದ್ರು. ನಾವು ಧರ್ಮಸ್ಥಳಕ್ಕೆ ಒಂಟಿದ್ವಿ. ಜೋಲಾರಪೇಟೇಲಿ ಮದ್ರಾಸ್ ಗಾಡಿ ಅತ್ಕೊಂಡು ಮಂಗ್ಳೂರಿಗೋಗಿ, ಅಲ್ಲಿಂದ ಬಸ್ನಾಗೆ. ಆಸಿಗೆ ಎಂಗೆ ಕಟ್ತೀಯ ತಿಮ್ಮರಾಯಪ್ಪ, ತಗೊ ಅಂತ ಅವ್ರೇ ತಂದ್ಕೊಟ್ರು. ಬಂದ್ಮೇಲೆ ನೀಲಗಂಗಮ್ಮೋರು ಕೇಳಿದ್ರು. ಆಮೇಲೆ ಅದು ನಮ್ ಕೈಗೆಲ್ಲಿ ಸಿಕ್ತು?"

"ಅವರಿಗೆ ಗೊತ್ತಿತ್ತಾ? ಇನ್ಸ್‌ಪೆಕ್ಟರ ಮನೆಯಿಂದ ತರೋವಾಗ?"

"ಗೊತ್ತಿಲ್ದೆ ಏನವ್ವ? ಸೊಂಟ ಹಿಡಿಯಕ್ ಮುಂಚೆ ಆಲು ಆಕಕ್ ಬಂದಿದ್ನಲ್ಲ, ಆಗ ನೋಡಿ ನಾನೇ ಕೇಳ್ದೆ, ಇದು ನಿಮ್ದೇ ಅಲ್ವಾ ಸ್ವಾಮಿ ಅಂತ. 'ಶ್! ಅವ್ರು ಅಷ್ಟು ಪ್ರೀತಿಯಿಂದ ಕೊಟ್ಟಿದ್ದಾರೆ. ನಂದು ಅಂದ್ರೆ ಅವರಿಗೆ ಬೇಜಾರಾಗುತ್ತೆ' ಅಂದ್ರು."

ಮದುವೆಗೆ ಬಂದ ಉಡುಗೊರೆ ಎರಡು ಕಡಲನ್ನೂ ನೋಡಿ ಬಂದಿತ್ತು. ಮದುವೆಯಾದವರು ಜೊತೆಯಾಗಿ ಲಾಲ್‌ಬಾಗ್ ದಾಟಿರಲಿಲ್ಲ. ಉಮಾ ಕೆರೆಯ ಕಡೆ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಕೊಟ್ರಪ್ಪ ಸೈಕಲ್ಲನ್ನು ತಿರುಗಿಸಿದ.

ಬಾಗಿಲಲ್ಲಿ ತಾಯಿ ಕೇಳಿದರು: "ಇದೇನೇ, ಕೊಡಲಿಲ್ವಾ?"

"ಕೊಟ್ಟೆ."

"ಯಾರಿಗೆ?"

"ನಂಗೇ."

ಯಾರದೋ ಅವರೇ ಬಿಚ್ಚಬೇಕು ಎಂದು ನಿಯಮ ಮಾಡಿಕೊಂಡವಳು ಅವಳೇ. ತಾಯಿ ಹಿತ್ತಿಲಿಗೆ ಹೋದ ಮೇಲೆ ನೆಲದ ಮೇಲೆ ಕೂತು, ಮೊಣಕಾಲು ಊರಿ, ಹಲ್ಲು ಕಚ್ಚಿ ಪಟ್ಟಿ ಎಳೆದಳು. ಬಕಲ್ಲು ಟಕ್ಕೆಂದು ಬಿಟ್ಟಿತು. ಒಳಗೆ ಜಮಖಾನ, ಅವನ ಎರಡು ಅಂಗಿ, ಅವಳ ಸೀರೆಗಳು. ಎಲ್ಲಕ್ಕೂ ಮೇಲೆ, ಗಾಡಿಯಲ್ಲಿ ಕೂತೊಡನೆ ಕೈಗೆ ಸಿಗಲೆಂದು, ಒಂದು ರೈಲ್ವೆ ಟೈಂಟೇಬಲ್ಲು. ಅದಕ್ಕೆ ಕಂದು ಕಾಗದದ ಹೊದಿಕೆ. ಹೊದಿಕೆಯ ಮೇಲೆ ಇನ್ಸ್‌ಪೆಕ್ಟರ ದುಂಡು ಅಕ್ಷರ: "ಗುರುಶಾಂತಪ್ಪ. ನೋಡಿ ಹಿಂದಿರುಗಿಸುವುದು."

ಬೆಳಿಗ್ಗೆ ಅವರ ಕಣ್ಣು ಹುಡುಕಿದ್ದು ಇದನ್ನು.

ಅವಳು ಮತ್ತೆ ರಸ್ತೆ ದಾಟಿದಳು. ಗುರುಶಾಂತಪ್ಪ ಜಗಲಿಯಲ್ಲಿ ಒಬ್ಬರೇ ಇದ್ದರು. ಪುಸ್ತಕವನ್ನು ಎರಡು ಕೈಯಲ್ಲೂ ತೆಗೆದುಕೊಂಡರು.

"ಸಾವಿನ ಮನೇಲಿ ಟೈಂಟೇಬಲ್ ಕೇಳೋಕೆ ಬಾಯಿ ಬರ್ಲಿಲ್ಲಮ್ಮ" ಎಂದರು. ಹಾಳೆ ತಿರುವುತ್ತ ಹೋಗಿ, ಪೆನ್ಸಿಲ್ ಗೆರೆ ಎಳೆದಿದ್ದ ಒಂದು ಪುಟದಲ್ಲಿ ನಿಂತರು. ಕನ್ನಡಕ ಸರಿಮಾಡಿಕೊಂಡರು. "ಈ ಗಾಡಿಗಾ ನೀವು ಹೊರಟಿದ್ದು?"

"ಹೌದು ಸಾರ್."

"ಇದು ಹೋದ ವರ್ಷದ್ದು ಕಣಮ್ಮ! ಆಮೇಲೆ ಗಾಡಿ ಹೊರಡೋ ಹೊತ್ತು ಬದಲಾಯ್ತು. ಇದನ್ನ ನಂಬ್ಕೊಂಡು ಹೋಗಿದ್ರೆ ನೀವು ಪ್ಲಾಟ್‌ಫಾರಂಗೆ ಬರೋ ಹೊತ್ತಿಗೆ ಅದು ಹೋಗಿ ಒಂದು ಗಂಟೆ ಆಗಿರ್ತಿತ್ತು. ಕೊಡೋವಾಗ ನಾನೇ ನೋಡ್ಬೇಕಿತ್ತು. ತಪ್ಪಾಯ್ತು."

ಉಮಾ ಗಂಡ ಎಳೆದಿದ್ದ ಆ ಪೆನ್ಸಿಲ್ ಗೆರೆಯನ್ನು ನೋಡಿದಳು. ಮದ್ರಾಸಿನಿಂದ ಹೊರಟು, ಒಂದು ಊರನ್ನೂ ಬಿಡದೆ, ಅದು ಮಂಗಳೂರು ಮುಟ್ಟಿತ್ತು.

"ಅವರಿಗೆ ಹೇಳ್ಬೇಡಿ ಸಾರ್" ಎಂದಳು. "ಬೇಜಾರಾಗುತ್ತೆ."

"ಇಲ್ಲಮ್ಮ, ಹೇಳಲ್ಲ" ಎಂದು ಗುರುಶಾಂತಪ್ಪ ಪುಸ್ತಕ ಮುಚ್ಚಿದರು.